ಒಂಬತ್ತನೇ ಬಾವಿಯ ಹಸಿರು

ಆಫೀಸಿನಲ್ಲಿ ಎದುರಿಗೆ ಎಲ್ಲರೂ ಅವಳನ್ನು ಮೇಡಂ ಎನ್ನುತ್ತಿದ್ದರು, ಬೆನ್ನ ಹಿಂದೆ ಜಿಪುಣಕ್ಕ ಎನ್ನುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಗೊತ್ತಿದ್ದೂ ಒಳಗೊಳಗೇ ಖುಷಿಪಡುತ್ತಿದ್ದಳು. ಒಂದೇ ಬದಿ ಬರೆದ ಕಾಗದವನ್ನು ಬುಟ್ಟಿಗೆ ಹಾಕಿದವರನ್ನು ಅವಳು ಸುಮ್ಮನೆ ಬಿಟ್ಟದ್ದೇ ಇಲ್ಲ. ಸೋಪು ಸವೆದು ಬಿಲ್ಲೆಯಾದರೆ ಹೊಸ ಸೋಪಿಗೆ ಮೆತ್ತಿ ಮುಗಿಸುವವಳು. ಮಾತಿನಲ್ಲೂ ಅಷ್ಟೇ ಬಿಗಿ. ಫೋನು ಎತ್ತಿದರೆ "ಹೂಂ", "ಆಯ್ತು", "ಇಡ್ತೀನಿ"; ನಾಲ್ಕನೆಯ ಮಾತು ಕೇಳಿದವರಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುವ ಗಾದೆಯನ್ನು ಉಳಿದವರೆಲ್ಲ ಬಾಯಿಮಾತಿಗೆ ಹೇಳಿ ಮರೆಯುತ್ತಾರೆ. ಈ ಪುಣ್ಯಾತ್ಗಿತ್ತಿ ಅದನ್ನು ಯಂತ್ರಕ್ಕೂ ಕಲಿಸಿಬಿಟ್ಟಳು. ಆದ ಅನಾಹುತವೆಲ್ಲ ಅಲ್ಲಿಂದಲೇ ಶುರುವಾದದ್ದು.

ಅವಳಿದ್ದದ್ದು ಊರಿನ ಕೊಳಚೆ ನೀರು ಎತ್ತಿ ಸಾಗಿಸುವ ಇಲಾಖೆ. ಬೀದಿಗಳ ಕೆಳಗೆ ನಲವತ್ತೊಂದು ಪಂಪ್ ಬಾವಿಗಳು. ನಾಲ್ಕಾಳು ಆಳ, ಗೋಡೆಗೆ ಬಡಿದ ಕಬ್ಬಿಣದ ಮೆಟ್ಟಿಲು, ತಳದಲ್ಲಿ ಕಪ್ಪು ನೀರು. ಆ ನೀರು ಕದಡಿದರೆ ವಿಷದ ಗಾಳಿ ಏಳುತ್ತದೆ. ಸ್ವಲ್ಪ ಇದ್ದಾಗ ಮೂಗು ಮುಚ್ಚಿಕೊಳ್ಳುವಷ್ಟು ನಾತ. ಹೆಚ್ಚಾದರೆ ನಾತವೇ ತಿಳಿಯುವುದಿಲ್ಲ, ಎರಡು ಉಸಿರಿಗೆ ಆಳು ಕುಸಿಯುತ್ತಾನೆ. ಅದಕ್ಕೆಂದೇ ಪ್ರತಿ ಬಾವಿಯೊಳಗೆ ಗಾಳಿ ಅಳೆಯುವ ಒಂದು ಮೀಟರು, ಮೇಲೆ ಕಂಬದಲ್ಲಿ ಒಂದು ಪೆಟ್ಟಿಗೆ. ಮೀಟರು ಹೇಳಿದ ಅಂಕಿಯನ್ನು ಪೆಟ್ಟಿಗೆ ಫೋನ್ ಲೈನಿನ ಮೇಲೆ ಕಂಟ್ರೋಲ್ ರೂಮಿಗೆ ಕಳಿಸುತ್ತದೆ. ಅಲ್ಲಿ ಗೋಡೆಯಷ್ಟು ಅಗಲದ ಸ್ಕ್ರೀನು, ನಲವತ್ತೊಂದು ಚುಕ್ಕೆಗಳು. ಚುಕ್ಕೆ ಹಸಿರಿದ್ದರೆ ಬಾವಿಗೆ ಇಳಿಯಬಹುದು, ಕೆಂಪಿದ್ದರೆ ಇಳಿಯುವ ಹಾಗಿಲ್ಲ.

ಹದಿನೇಳು ವರ್ಷದ ಹಿಂದೆ ಆ ಲೈನುಗಳು ಬಡಕಲು. ಐದೈದು ಸೆಕೆಂಡಿಗೆ ನಲವತ್ತೊಂದು ಮೀಟರುಗಳೂ ಒಟ್ಟಿಗೆ "ನಾಲ್ಕು, ನಾಲ್ಕು, ನಾಲ್ಕು" ಎಂದು ಒದರಿಕೊಳ್ಳುತ್ತಿದ್ದವು. ಆ ಗಲಾಟೆಯಲ್ಲಿ ಪಂಪು ನಿಂತ ಸುದ್ದಿ ಬಂದು ತಲುಪುವಷ್ಟರಲ್ಲಿ ಬೀದಿಯೆಲ್ಲ ಕೊಳಚೆ. ಜಿಪುಣಕ್ಕನಿಗೆ ರೇಗಿಹೋಯಿತು. ಹೇಳಿದ್ದನ್ನೇ ಎಷ್ಟು ಸಲ ಹೇಳುತ್ತವೆ ಈ ದರಿದ್ರ ಮೀಟರುಗಳು ಎಂದುಕೊಂಡು ಪೆಟ್ಟಿಗೆಯ ಪ್ರೋಗ್ರಾಮಿಗೆ ನಲವತ್ತು ಸಾಲು ಸೇರಿಸಿದಳು. ಅಂಕಿ ಬದಲಾಗದಿದ್ದರೆ ಮುಂದಕ್ಕೆ ಕಳಿಸುವುದೇ ಬೇಡ. ಕಂಟ್ರೋಲ್ ರೂಮು "ಇದ್ದೀಯಾ?" ಎಂದು ಕೇಳಿದರೆ ಮೀಟರನ್ನು ಎಬ್ಬಿಸುವುದೂ ಬೇಡ, ಪೆಟ್ಟಿಗೆಯೇ "ಇದ್ದೀನಿ, ಹಿಂದಿನ ಹಾಗೇ" ಎಂದು ಉತ್ತರ ಕೊಟ್ಟುಬಿಡಲಿ. ನೂರು ಸಂದೇಶಗಳಲ್ಲಿ ತೊಂಬತ್ತು ಉಳಿತಾಯವಾದವು. ಲೈನು ಹಗುರಾಯಿತು. ಸಭೆ ಕರೆದು ಅವಳಿಗೊಂದು ಫಲಕ ಕೊಟ್ಟರು. ಅದನ್ನು ಸುತ್ತಿಕೊಟ್ಟಿದ್ದ ಬಣ್ಣದ ಕಾಗದವನ್ನೂ ಮಡಿಸಿ ಮನೆಗೆ ತಂದಳು.

ಅವಳಿಗೆ ಒಬ್ಬನೇ ತಮ್ಮ. ಒಂಬತ್ತು ವರ್ಷ ಚಿಕ್ಕವನು. ತಾಯಿ ತೀರಿಕೊಂಡ ಮೇಲೆ ತಲೆ ಬಾಚಿ, ಊಟಕ್ಕಿಟ್ಟು, ಬೈದು, ಓದಿಸಿ ದೊಡ್ಡವನನ್ನಾಗಿ ಮಾಡಿದ್ದು ಇವಳೇ. ಮದುವೆ ಗಿದುವೆ ಎಂದು ಇಬ್ಬರೂ ತಲೆ ಕೆಡಿಸಿಕೊಳ್ಳಲಿಲ್ಲ. ಅವನೂ ಅದೇ ಇಲಾಖೆಗೆ ಸೇರಿ ಕಂಟ್ರೋಲ್ ರೂಮಿನಲ್ಲಿ ಶಿಫ್ಟಿಗೆ ಕೂತ. ಬಾವಿಗೆ ಇಳಿಯುವವರು ಮೊದಲು ಅವನಿಗೆ ಫೋನು ಮಾಡಬೇಕು, ಅವನು ಸ್ಕ್ರೀನು ನೋಡಿ ಹೂಂ ಅನ್ನಬೇಕು.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಹತ್ತೂವರೆಗೆ ಒಂಬತ್ತನೇ ಬಾವಿಯಿಂದ ಫೋನು ಬಂತು. ಪಂಪಿಗೆ ಬಟ್ಟೆ ಸಿಕ್ಕಿಕೊಂಡಿದೆ, ಉದ್ದಣ್ಣ ಇಳಿಯುತ್ತಾನೆ ಎಂದರು. ಉದ್ದಣ್ಣ ಎಂದರೆ ಇಲಾಖೆಯಲ್ಲೆಲ್ಲ ಎತ್ತರದ ಆಳು, ಬಾಗಿಲು ಕಂಡಲ್ಲೆಲ್ಲ ತಲೆ ತಗ್ಗಿಸುವುದೇ ಅಭ್ಯಾಸವಾಗಿದ್ದವನು. ತಮ್ಮ ಸ್ಕ್ರೀನು ನೋಡಿದ. "ಹಸಿರಿದೆ, ಇಳೀರಿ" ಎಂದ. ಉದ್ದಣ್ಣ ಇಳಿದ. ಹತ್ತಿ ಬರಲಿಲ್ಲ. ಹಗ್ಗ ಕಟ್ಟಿ ಮೇಲಕ್ಕೆಳೆದರು. ಮೆಟ್ಟಿಲಿಗೆ ಕಚ್ಚಿಕೊಂಡಿದ್ದ ಅವನ ಬೆರಳು ಬಿಡಿಸಲು ಇಬ್ಬರು ಬೇಕಾದರಂತೆ.

ಆಮೇಲೆ ಪೆಟ್ಟಿಗೆ ಆಫ್ ಮಾಡಿ ಬಿಚ್ಚಿ ನೋಡಿದರೆ ಒಂಬತ್ತನೇ ಬಾವಿಯ ಮೀಟರು ಕೆಟ್ಟು ಕೂತಿತ್ತು, ತಂತಿ ಕೊಳೆತಿತ್ತು. ವಿಚಾರಣಾ ಸಮಿತಿ ಕೂತಿತು. ಕೆಟ್ಟ ಮೀಟರು ಮಾತಾಡುವುದಿಲ್ಲ, ಮಾತು ನಿಂತರೆ ಚುಕ್ಕೆ ಕೆಂಪಾಗಬೇಕು, ನೀನು ಹಸಿರು ಎಂದದ್ದು ಹೇಗೆ ಎಂದು ತಮ್ಮನನ್ನು ಕೇಳಿದರು. "ಹಸಿರೇ ಇತ್ತು" ಎಂದ. ಹತ್ತು ಸಲ ಕೇಳಿದರೂ ಹಸಿರೇ ಇತ್ತು. ಕೊನೆಗೆ ಪ್ರೋಗ್ರಾಂ ಬಲ್ಲವಳು ಹೇಳಲಿ ಎಂದು ಜಿಪುಣಕ್ಕನನ್ನು ಕರೆಸಿದರು.

ಅವಳು ತಮ್ಮನ ಮುಖ ನೋಡಲಿಲ್ಲ. "ಹತ್ತು ಸೆಕೆಂಡು ಬಾವಿಯಿಂದ ಸದ್ದಿಲ್ಲ ಅಂದ್ರೆ ಚುಕ್ಕೆ ಕೆಂಪಾಗಲೇಬೇಕು. ಹಸಿರಿರೋಕೆ ಸಾಧ್ಯನೇ ಇಲ್ಲ" ಎಂದಳು. ಸಮಿತಿಯವರನ್ನು ಒಂಬತ್ತನೇ ಬಾವಿಗೇ ಕರೆದುಕೊಂಡು ಹೋಗಿ, ಕಂಬದ ಪೆಟ್ಟಿಗೆಯ ಸ್ವಿಚ್ಚನ್ನು ತನ್ನ ಕೈಯಾರೆ ಆಫ್ ಮಾಡಿದಳು. ಎಲ್ಲರೂ ಎಣಿಸಿದರು. ಹತ್ತು ಎನ್ನುವಷ್ಟರಲ್ಲಿ ಕಂಟ್ರೋಲ್ ರೂಮಿನಿಂದ "ಕೆಂಪಾಯ್ತು" ಎಂದು ಫೋನು. ಪೆಟ್ಟಿಗೆಯ ಒಳಗಿನ ದಾಖಲೆಯನ್ನೂ ತೆರೆದು ನೋಡೋಣವೇ ಎಂದು ಒಬ್ಬರು ಕೇಳಿದರು. "ಸ್ವಿಚ್ ತಿರುಗಿಸಿ ನೋಡಿ ಆಯ್ತಲ್ಲ, ಇನ್ನೇನು?" ಎಂದಳು. ಅಷ್ಟಕ್ಕೇ ಮುಗಿಯಿತು. ತಮ್ಮನನ್ನು ಕೆಲಸದಿಂದ ತೆಗೆದರು.

ಅವಳನ್ನು ಕಲ್ಲೆದೆಯವಳು ಎನ್ನಬೇಡಿ. ಅವಳು ಸತ್ಯ ಹೇಳುತ್ತಿದ್ದೇನೆಂದೇ ನಂಬಿದ್ದಳು. ನಂಬಿದ್ದರಿಂದಲೇ ತಮ್ಮನನ್ನೂ ನಂಬಿಸಲು ಹೊರಟಳು. ಊಟಕ್ಕೆ ಕೂತಾಗ, ಬಟ್ಟೆ ಮಡಿಸುವಾಗ, ಅದೇ ಮಾತು. "ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ ಕಣೋ. ಒಂದು ಗಳಿಗೆ ಅತ್ತ ಇತ್ತ ನೋಡಿರ್ತೀಯ. ಎಂಟನೇದನ್ನ ನೋಡಿ ಒಂಬತ್ತು ಅಂದ್ಕೊಂಡಿರ್ತೀಯ. ಒಪ್ಕೋ, ಮನಸ್ಸು ಹಗುರಾಗುತ್ತೆ." ಮಾತಿಗೆ ಬಡವಿಯಾದವಳು ಅದೊಂದನ್ನು ಮಾತ್ರ ಆರು ತಿಂಗಳು ಹೇಳಿದಳು. ಒಂದು ದಿನ ಅವನು ತಟ್ಟೆಯ ಮುಂದೆ ಕೂತು, "ಇರಬಹುದು ಅಕ್ಕ. ನಾನೇ ಸರಿಯಾಗಿ ನೋಡ್ಲಿಲ್ಲವೇನೋ" ಎಂದ. ಆವತ್ತು ಅವಳಿಗೆ ಸಮಾಧಾನವಾಗಿತ್ತು.

ಆವತ್ತಿನಿಂದ ಅವನ ಕಣ್ಣಿನ ಮೇಲೆ ಅವನಿಗೇ ನಂಬಿಕೆ ಹೋಯಿತು. ಒಲೆ ಆರಿಸಿ ಆರು ಸಲ ಮುಟ್ಟಿ ನೋಡುವನು. ರಸ್ತೆ ದಾಟುವಾಗ ದೀಪ ಹಸಿರಿದ್ದರೂ ಪಕ್ಕದವರನ್ನು, "ಹಸಿರೇ ಅಲ್ವಾ?" ಎಂದು ಕೇಳುವನು. ಕೇಳಿಸಿಕೊಂಡವರು ಮೇಲೆ ಕೆಳಗೆ ನೋಡಿ ಮುಂದೆ ಹೋಗುವರು. ಒಂದು ಛಾಪಖಾನೆಯಲ್ಲಿ ಪುಸ್ತಕಗಳಿಗೆ ರಟ್ಟು ಅಂಟಿಸುವ ಕೆಲಸ ಸಿಕ್ಕಿತು. ಅಲ್ಲೂ ಪುಟದ ಸಂಖ್ಯೆಯನ್ನು ಇನ್ನೊಬ್ಬರಿಗೆ ತೋರಿಸಿಯೇ ಅಂಟಿಸುತ್ತಿದ್ದನಂತೆ.

ಹೀಗಿರುವಾಗ ಮೊನ್ನೆ ಮಂಗಳವಾರ ಹನ್ನೊಂದು ಗಂಟೆಗೆ ಮೀಟರ್ ಮೇಸ್ತ್ರಿ ಬಂದ. ಬಾವಿಯ ಮೀಟರುಗಳನ್ನೆಲ್ಲ ಬಿಚ್ಚಿ ಕಟ್ಟುವ ಮನುಷ್ಯ, ಇನ್ನೊಂದು ವರ್ಷಕ್ಕೆ ನಿವೃತ್ತಿ. ಚೀಲದಿಂದ ಮೀಟರೊಂದನ್ನು ತೆಗೆದು ಜಿಪುಣಕ್ಕನ ಟೇಬಲ್ಲಿನ ಮೇಲಿಟ್ಟ. ಅದರ ತಂತಿ ಟೇಬಲ್ಲಿನ ಅಂಚಿನಿಂದ ಜೋತುಬಿತ್ತು.

"ಇಪ್ಪತ್ತಮೂರನೇ ಬಾವಿದು ಮೇಡಂ."

"ರಿಪೇರಿಗಾದ್ರೆ ವರ್ಕ್‌ಶಾಪಿಗೆ ಕೊಡಿ. ನನ್ನ ಟೇಬಲ್ ಯಾಕೆ ಗಲೀಜು ಮಾಡ್ತೀರಿ?"

"ನಿನ್ನೆ ಬೆಳಿಗ್ಗೆ ಬಿಚ್ಚಿದ್ದು. ಆಗಿಂದ ನನ್ನ ಚೀಲದಲ್ಲೇ ಇದೆ. ಈಗ ಕಂಟ್ರೋಲ್ ರೂಮಿಂದ ಬಂದೆ. ಇಪ್ಪತ್ತಮೂರು ಹಸಿರು ತೋರಿಸ್ತಿದೆ, ಅಂಕಿ ನಾಲ್ಕು." ಮೇಸ್ತ್ರಿ ದನಿ ತಗ್ಗಿಸಿದ. "ಮೀಟರ್ ಇಲ್ಲಿದೆ ಮೇಡಂ. ಅಲ್ಲಿ ನಾಲ್ಕು ಅಂತಿರೋರು ಯಾರು?"

"ದೆವ್ವ ಇರ್ಬೇಕು" ಎಂದು ಜಿಪುಣಕ್ಕ ನಕ್ಕಳು. ಮೇಸ್ತ್ರಿ ನಗಲಿಲ್ಲ. ಅವಳು ತನ್ನ ಕಂಪ್ಯೂಟರಿನಲ್ಲಿ ಇಪ್ಪತ್ತಮೂರನ್ನು ತೆರೆದಳು. ಹಸಿರು. ನಾಲ್ಕು. ಟೇಬಲ್ಲಿನ ಮೇಲೆ ಮಲಗಿದ್ದ ಮೀಟರಿನತ್ತ ನೋಡಿದಳು, ಮತ್ತೆ ಸ್ಕ್ರೀನಿನತ್ತ ನೋಡಿದಳು.

"ಬಿಚ್ಚೋಕೆ ಮುಂಚೆ ಪೆಟ್ಟಿಗೆ ಆಫ್ ಮಾಡಿದ್ರಲ್ಲ?"

"ಅದೇ ಹೇಳೋಣ ಅಂತ ಬಂದೆ. ಸ್ವಿಚ್ ತುಕ್ಕು ಹಿಡಿದು ಅಲ್ಲಾಡಲಿಲ್ಲ. ಹಾಗೇ ಬಿಚ್ಚಿದೆ. ಬೈಬೇಡಿ, ಹದಿನೇಳು ವರ್ಷದಲ್ಲಿ ಇದೇ ಮೊದಲು."

ಮೀಟರಿಗೆ ಕೈ ಹಾಕುವ ಮುನ್ನ ಪೆಟ್ಟಿಗೆ ಆಫ್ ಮಾಡಬೇಕು ಎಂದು ಇಲಾಖೆಯ ಗೋಡೆಗೋಡೆಗೂ ಬರೆದಿತ್ತು. ಮೇಸ್ತ್ರಿಗಳೆಲ್ಲ ಅದನ್ನು ದೇವರ ಮಾತಿನಂತೆ ಪಾಲಿಸಿದ್ದರು. ಪೆಟ್ಟಿಗೆ ಆರಿದರೆ ಚುಕ್ಕೆ ಕೆಂಪಾಗುತ್ತದೆ, ಸರಿ. ಪೆಟ್ಟಿಗೆ ಉಳಿದು ಮೀಟರೊಂದೇ ಸತ್ತರೆ ಏನಾಗುತ್ತದೆ ಎಂದು ಇಷ್ಟು ವರ್ಷ ಯಾರೂ ನೋಡಿರಲೇ ಇಲ್ಲ. ವಿಚಾರಣೆಯ ದಿನ ಅವಳು ಆಫ್ ಮಾಡಿ ತೋರಿಸಿದ್ದೂ ಪೆಟ್ಟಿಗೆಯನ್ನೇ.

ಅವಳು ಹದಿನೇಳು ವರ್ಷದ ಹಿಂದಿನ ತನ್ನ ನಲವತ್ತು ಸಾಲುಗಳನ್ನು ತೆರೆದು ಬೆರಳಿಟ್ಟು ಓದಿದಳು. ಮೀಟರಿನಿಂದ ಹೊಸ ಅಂಕಿ ಬರಲಿಲ್ಲವೇ? ಹಾಗಾದರೆ ಬದಲಾವಣೆ ಇಲ್ಲ. ಬದಲಾವಣೆ ಇಲ್ಲವೇ? ಹಾಗಾದರೆ ಹಿಂದಿನ ಹಾಗೇ. ತರಗತಿಗೆ ಬಾರದ ಗೆಳೆಯನ ಹಾಜರಿ ಕೂಗಿದಾಗ ಪಕ್ಕದವನು "ಯೆಸ್ ಸರ್" ಎನ್ನುವುದಿಲ್ಲವೇ, ಹಾಗೆ ಸತ್ತ ಮೀಟರಿನ ಪರವಾಗಿ ಪೆಟ್ಟಿಗೆ ಹಾಜರಿ ಹೇಳುತ್ತಿತ್ತು. ಸದ್ದಿಲ್ಲದಿರುವುದಕ್ಕೂ ಸುಖವಾಗಿರುವುದಕ್ಕೂ ಅವಳು ಬರೆದ ಲೆಕ್ಕದಲ್ಲಿ ವ್ಯತ್ಯಾಸವೇ ಇರಲಿಲ್ಲ.

ತಕ್ಷಣ ಕಂಟ್ರೋಲ್ ರೂಮಿಗೆ ಫೋನು ಹಚ್ಚಿದಳು.

"ಈಗ ಯಾವುದಾದ್ರೂ ಬಾವಿ ಒಳಗೆ ಜನ ಇದ್ದಾರಾ?"

"ಹದಿನೇಳರಲ್ಲಿ ಇಬ್ಬರಿದ್ದಾರೆ ಮೇಡಂ" ಎಂದ ಶಿಫ್ಟಿನವನು. "ಹಸಿರಿದೆ, ಚಿಂತೆ ಇಲ್ಲ."

"ಹತ್ತಿಸಿ."

"ಹಸಿರಿದೆ ಮೇಡಂ, ಈಗ ತಾನೇ ಇಳಿದ್ರು."

"ನಿಮ್ಮ ಹಸಿರಿಗೆ ಬೆಂಕಿ ಬೀಳ! ಮೊದಲು ಹತ್ತಿಸ್ರೀ ಅಂದ್ರೆ!"

ಆಫೀಸಿನ ಅಷ್ಟೂ ಕುರ್ಚಿಗಳು ಅವಳತ್ತ ತಿರುಗಿದವು. ಜಿಪುಣಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತೇ ಇದ್ದಳು. ಒಂದು ನಿಮಿಷ, ಎರಡು ನಿಮಿಷ. ಅತ್ತ ಯಾರೋ ಯಾರನ್ನೋ ಕೂಗುತ್ತಿದ್ದರು. ನಾಲ್ಕನೇ ನಿಮಿಷಕ್ಕೆ "ಇಬ್ಬರೂ ಬಂದ್ರು ಮೇಡಂ" ಎಂಬ ದನಿ ಬಂತು. ಒಬ್ಬ ಮೆಟ್ಟಿಲ ಕೊನೆಯಲ್ಲಿ ತಲೆ ತಿರುಗಿ ಕೂತು, ವಾಂತಿ ಮಾಡಿಕೊಂಡನಂತೆ. ಮೇಸ್ತ್ರಿ ಕೈಮೀಟರು ಹಿಡಿದು ಓಡಿದ. ಹದಿನೇಳರ ಮೀಟರು ಕೆಸರು ತುಂಬಿ ಎಂದೋ ಸತ್ತಿತ್ತು. ಯಾವಾಗ ಎಂದು ಅವನಿಗೂ ಹೇಳಲಾಗಲಿಲ್ಲ.

ದೊಡ್ಡ ಸಾಹೇಬರು ಬಾಗಿಲು ಹಾಕಿಸಿ ಅವಳನ್ನು ಕೂರಿಸಿಕೊಂಡರು. ಒಳ್ಳೆಯ ಮನುಷ್ಯನೇ, ಆದರೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎನ್ನುವ ಜಾತಿ.

"ತೆಗೀರಿ. ಆ ನಲವತ್ತು ಸಾಲೂ ಇವತ್ತೇ ತೆಗೀರಿ. ಈಗ ಲೈನುಗಳು ದಪ್ಪ ಇವೆ, ಆ ಉಳಿತಾಯ ಯಾರಿಗೂ ಬೇಡ. ಆದ್ರೆ ಸದ್ದಿಲ್ದೆ ತೆಗೀರಿ. ಬದಲಾವಣೆ ಫಾರಮ್ಮಿನಲ್ಲಿ ಕಾರಣ ಅನ್ನೋ ಜಾಗಕ್ಕೆ 'ಸಣ್ಣ ಸುಧಾರಣೆ' ಅಂತ ಬರೆದು ಮುಗಿಸಿ."

"ಸರ್, ಒಂಬತ್ತನೇ ಬಾವಿ..."

"ಅದು ಮುಗಿದ ಕಥೆ. ಕೆದಕಿದ್ರೆ ಮೊದಲು ಸಿಕ್ಕಿಬೀಳೋರು ನೀವೇ. ಪ್ರೋಗ್ರಾಂ ನಿಮ್ಮದು, ಸಾಕ್ಷಿನೂ ನಿಮ್ಮದು. ಎರಡು ವರ್ಷ ಸರ್ವೀಸ್ ಉಳಿದಿದೆ, ಇಲ್ಲದ ಉಸಾಬರಿ ಯಾಕೆ?" ಸಾಹೇಬರು ಮೆತ್ತಗೆ ಸೇರಿಸಿದರು, "ನಿಮ್ಮ ತಮ್ಮನೂ ಒಪ್ಕೊಂಡಿದ್ದಾನಲ್ಲ."

ಹೌದು, ಒಪ್ಪಿಕೊಂಡಿದ್ದ. ಒಪ್ಪಿಸಿದ್ದು ಯಾರು? ಅವಳಿಗೆ ಆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಸದ್ದಿಲ್ಲದೆ ತೆಗೆದರೆ ತಮ್ಮ ಸಾಯುವವರೆಗೂ ಉದ್ದಣ್ಣನನ್ನು ಕೊಂದವನಾಗಿಯೇ ಉಳಿಯುತ್ತಾನೆ. ಸದ್ದು ಮಾಡಿದರೆ ಆ ಪಟ್ಟ ಅವಳಿಗೆ. ಇಷ್ಟು ಸಣ್ಣ ಲೆಕ್ಕಕ್ಕೆ ಉತ್ತರ ಹುಡುಕುತ್ತಾ ಅವಳು ಕಾರಿಡಾರಿನಲ್ಲಿ ನಿಂತಿದ್ದು ನಿಜ. ನಿಂತಿದ್ದಳಲ್ಲ ಎಂದು ಆಮೇಲೆ ತನ್ನನ್ನು ತಾನೇ ಶಪಿಸಿಕೊಂಡದ್ದೂ ನಿಜ.

ಮಧ್ಯಾಹ್ನ ಮೂರಕ್ಕೆ ನಲವತ್ತು ಸಾಲುಗಳನ್ನೂ ಅಳಿಸಿದಳು. ಬರೆಯಲು ಮೂರು ವಾರ ಹಿಡಿದದ್ದು, ಅಳಿಸಲು ಅರ್ಧ ನಿಮಿಷ. ಹೊಸ ಪ್ರೋಗ್ರಾಮನ್ನು ನಲವತ್ತೊಂದು ಪೆಟ್ಟಿಗೆಗಳಿಗೂ ಕಳಿಸಿ, ಎದ್ದು ಕಂಟ್ರೋಲ್ ರೂಮಿಗೆ ಹೋಗಿ ಸ್ಕ್ರೀನಿನ ಮುಂದೆ ನಿಂತಳು. ಮೇಸ್ತ್ರಿಯೂ ಬಂದು ಪಕ್ಕದಲ್ಲಿ ನಿಂತ. ಎಲ್ಲವೂ ಹಸಿರು. ಪೆಟ್ಟಿಗೆಗಳು ಒಂದೊಂದಾಗಿ ಹೊಸ ಪ್ರೋಗ್ರಾಂ ಎತ್ತಿಕೊಳ್ಳುತ್ತಿದ್ದವು. ಶಿಫ್ಟಿನವನು ಟೀ ಲೋಟ ಹಿಡಿದು, "ಏನೂ ಆಗ್ಲಿಲ್ವಲ್ಲ ಮೇಡಂ" ಎಂದ.

ಆಗ ಹದಿನೇಳು ಕೆಂಪಾಯಿತು. ಹಿಂದೆಯೇ ಇಪ್ಪತ್ತಮೂರು. ಇವೆರಡೂ ಗೊತ್ತಿದ್ದವೇ. ಆಮೇಲೆ ಮೂರು. ಆಮೇಲೆ ಹನ್ನೆರಡು. ಸ್ವಲ್ಪ ಹೊತ್ತು ಬಿಟ್ಟು ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು, ಸಾಲಾಗಿ ಮೂರು. ಮೂವತ್ತೆಂಟು ಕೆಂಪಾದಾಗ ಶಿಫ್ಟಿನವನು ಲೋಟ ಕೆಳಗಿಟ್ಟ. ಹಿಂದಿನ ವಾರವಷ್ಟೇ ಅವನು ಆ ಬಾವಿಗೆ ಮೂವರನ್ನು ಇಳಿಸಿದ್ದ. ಇನ್ನೂ ಕೆಲವು ಕೆಂಪಾಗಿ, ಎಣಿಕೆ ಹದಿಮೂರಕ್ಕೆ ನಿಂತಿತು. ನಲವತ್ತೊಂದರಲ್ಲಿ ಹದಿಮೂರು ಮೀಟರುಗಳು ಸತ್ತಿದ್ದವು, ಸತ್ತು ದಿನವೂ ಹಾಜರಿ ಹಾಕಿಸಿಕೊಳ್ಳುತ್ತಿದ್ದವು.

"ಹಾಗಾದ್ರೆ ಇಷ್ಟು ದಿನ ನಾವು ನೋಡ್ತಿದ್ದದ್ದೇನು ಮೇಡಂ?" ಎಂದ ಶಿಫ್ಟಿನವನು.

ಸ್ಕ್ರೀನಿನ ನಡುವೆ ಒಂಬತ್ತು ಹಸಿರಾಗಿಯೇ ಇತ್ತು. ಸಾವಾದ ಮೇಲೆ ಅಲ್ಲಿಗೆ ಹೊಸ ಮೀಟರು ಹಾಕಿದ್ದರು. ಪೆಟ್ಟಿಗೆ ಮಾತ್ರ ಹಳೆಯದೇ. ಅವಳು ತನ್ನ ಟೇಬಲ್ಲಿಗೆ ಹಿಂತಿರುಗಿ, ವಿಚಾರಣೆಯ ದಿನ ತೆರೆಯುವುದು ಬೇಡ ಎಂದಿದ್ದ ಆ ಪೆಟ್ಟಿಗೆಯ ದಾಖಲೆಯನ್ನು ತೆರೆದಳು. ಹಳೆಯ ಮೀಟರು ಕೊನೆಯ ಸಲ ನಿಜವಾಗಿ ಮಾತಾಡಿದ ತಾರೀಖು ಅಲ್ಲಿತ್ತು. ಉದ್ದಣ್ಣ ಇಳಿದ ದಿನಕ್ಕೆ ನಲವತ್ತಮೂರು ದಿನ ಮೊದಲು.

ಕಾರಣ ಎನ್ನುವ ಜಾಗದಲ್ಲಿ ಅವಳು ಸಣ್ಣ ಸುಧಾರಣೆ ಎಂದು ಬರೆಯಲಿಲ್ಲ. ಈ ಸಾಲುಗಳನ್ನು ಬರೆದವಳು ನಾನು, ಮೀಟರು ಸತ್ತರೂ ಇವು ಹಸಿರು ತೋರಿಸುತ್ತಿದ್ದವು, ಒಂಬತ್ತನೇ ಬಾವಿಯ ಮೀಟರು ನಲವತ್ತಮೂರು ದಿನದಿಂದ ಸತ್ತಿತ್ತು, ಶಿಫ್ಟಿನಲ್ಲಿದ್ದವನು ನೋಡಿದ್ದು ಹಸಿರೇ, ವಿಚಾರಣೆಯಲ್ಲಿ ನಾನು ಹೇಳಿದ್ದು ತಪ್ಪು ಎಂದು ಬರೆದಳು. ದಾಖಲೆಯನ್ನು ಜೊತೆಗಿಟ್ಟು ಸಮಿತಿಯ ಪ್ರತಿಯೊಬ್ಬರಿಗೂ ಕಳಿಸಿದಳು. ಐದು ನಿಮಿಷಕ್ಕೆ ಸಾಹೇಬರ ಫೋನು. "ಕಳಿಸಿ ಆಯ್ತು ಸರ್" ಎಂದು ಇಟ್ಟಳು.

ಸಂಜೆ ಮನೆಗೆ ಬಂದಾಗ ತಮ್ಮ ಅಂಗಿಗೆ ಇಸ್ತ್ರಿ ಹಾಕುತ್ತಿದ್ದ.

"ನೀನು ನೋಡಿದ್ದು ಹಸಿರೇ ಕಣೋ" ಎಂದಳು.

ಅವನಿಗೆ ಅರ್ಥವಾಗಲಿಲ್ಲ. ಚಪ್ಪಲಿಯನ್ನೂ ಬಿಡದೆ ಅವಳು ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಚೀಲದ ಮೀಟರು, ನಲವತ್ತು ಸಾಲು, ನಲವತ್ತಮೂರು ದಿನ. ಅವನು ಇಸ್ತ್ರಿಯ ಪ್ಲಗ್ಗು ಕಿತ್ತು, ಅದನ್ನೇ ಕೈಯಲ್ಲಿ ಹಿಡಿದುಕೊಂಡು ಮಂಚದ ಮೇಲೆ ಕೂತ.

"ಅಂದ್ರೆ ನನ್ನ ಕಣ್ಣು ಸರಿಯಾಗೇ ಇತ್ತು."

"ಇತ್ತು."

"ನಾನು ಎಂಟನೇದನ್ನ ನೋಡಿರಲಿಲ್ಲ."

"ಇಲ್ಲ ಕಣೋ. ಇಲ್ಲ."

ಬೈಯುತ್ತಾನೆ ಎಂದುಕೊಂಡಳು. ಬೈದರೆ ಸಾಕು ಎಂದು ಬೇಡಿಕೊಂಡಳು. ಅವನು ಕೈಯಲ್ಲಿದ್ದ ಪ್ಲಗ್ಗನ್ನೇ ನೋಡುತ್ತಾ ಹೇಳಿದ.

"ಹೋದ ವರ್ಷ ಉದ್ದಣ್ಣನ ಹೆಂಡತಿ ಹತ್ರ ಹೋಗಿದ್ದೆ ಅಕ್ಕ. ನಿನಗೆ ಹೇಳಿರಲಿಲ್ಲ. ತಪ್ಪು ನನ್ನದೇ, ನಾನೇ ಸರಿಯಾಗಿ ನೋಡ್ಲಿಲ್ಲ ಅಂತ ಅವರ ಮುಂದೆ ಅತ್ತೆ. ಅವರೇ ನೀರು ತಂದು ಕೊಟ್ರು. ಆಮೇಲೆ, ಹೋಗಲಿ ಬಿಡಪ್ಪ, ನೀನಾದ್ರೂ ಬಂದು ಹೇಳಿದ್ಯಲ್ಲ ಅಂದ್ರು. ಆವತ್ತಿಂದ ನನಗೆ ಅಷ್ಟೋ ಇಷ್ಟೋ ನಿದ್ದೆ ಬರ್ತಿದೆ." ಅವನು ತಲೆ ಎತ್ತಿದ. "ನಾನು ಮಾಡದೇ ಇರೋ ತಪ್ಪಿಗೆ ಅವರ ಹತ್ರ ಕ್ಷಮೆ ಇಸ್ಕೊಂಡು ಬಂದಿದೀನಿ. ಈಗ ಅವರಿಗೆ ಏನಂತ ಹೇಳ್ಲಿ?"

"ನಾನು ಹೇಳ್ತೀನಿ."

"ಹೇಳು. ನನ್ನ ಕ್ಷಮಿಸಿದ ಹಾಗೆ ನಿನ್ನ ಕ್ಷಮಿಸ್ತಾರೆ ಅಂತ ಮಾತ್ರ ಅಂದ್ಕೋಬೇಡ" ಎಂದ ತಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ನಾನೇ ಕ್ಷಮಿಸ್ತೀನೋ ಇಲ್ವೋ ನನಗೆ ಗೊತ್ತಿಲ್ಲ ಅಕ್ಕ."

ಅವಳು ಬಂದ ಕಾಲಲ್ಲೇ ತಿರುಗಿ ಹೊರಟಳು. ಮೂರು ಬೀದಿ ಆಚೆ, ಮಹಡಿ ಮೇಲೆ, ಒಂದೇ ಕೋಣೆಯ ಮನೆ. ಒಳಗೆ ಹೊಲಿಗೆ ಯಂತ್ರದ ಸದ್ದು. ತಟ್ಟಿದಾಗ ಸದ್ದು ನಿಂತಿತು. ಕುತ್ತಿಗೆಗೆ ಟೇಪು ಹಾಕಿಕೊಂಡೇ ಉದ್ದಣ್ಣನ ಹೆಂಡತಿ ಬಾಗಿಲು ತೆರೆದಳು. ಗುರುತು ಹಿಡಿದು ಮುಖ ಅರಳಿಸಿದಳು.

"ಅಯ್ಯೋ ಅಕ್ಕ, ನೀವಾ? ಬನ್ನಿ ಬನ್ನಿ, ಒಳಗೆ ಬನ್ನಿ." ಸ್ಟೂಲಿನ ಮೇಲಿದ್ದ ಬಟ್ಟೆ ತೆಗೆದು ಜಾಗ ಮಾಡಿದಳು. "ನಿಮ್ಮ ತಮ್ಮ ಹೇಗಿದ್ದಾನೆ? ಪಾಪ, ಎಷ್ಟು ನೊಂದ್ಕೊಂಡಿದ್ದ ಆವತ್ತು. ಒಳ್ಳೆ ಮನುಷ್ಯ. ಕಣ್ತಪ್ಪಿ ಆಗಿದ್ದಕ್ಕೆ ಇನ್ನೆಷ್ಟು ದಿನ ಅಂತ ಸಂಕಟಪಡ್ತಾನೆ? ನಾನು ಯಾವತ್ತೋ ಮರೆತೆ ಅಂತ ಅವನಿಗೆ ಹೇಳಿ ಅಕ್ಕ."

ಜಿಪುಣಕ್ಕ ಕೂರಲಿಲ್ಲ.

"ಮರೀಬೇಡಮ್ಮ" ಎಂದಳು. "ಅವನು ನೋಡಿದ್ದು ಸರಿಯಾಗೇ ಇತ್ತು. ನಿನ್ನ ಗಂಡನಿಗೆ ಇಳಿ ಅಂತ ಹೇಳಿದ್ದು ನಾನು ಬರೆದಿದ್ದ ಪ್ರೋಗ್ರಾಂ. ಅದನ್ನ ತಮ್ಮನ ತಲೆಗೆ ಕಟ್ಟಿದವಳೂ ನಾನೇ."

ಉದ್ದಣ್ಣನ ಹೆಂಡತಿಗೆ ಕೇಳಿದ ಮಾತು ಇನ್ನೂ ಒಳಗೆ ಇಳಿದಿರಲಿಲ್ಲ. ಕೂರಿ ಎಂದು ಚಾಚಿದ್ದ ಕೈ ಹಾಗೇ ಚಾಚಿತ್ತು, ಮುಖದ ಮೇಲೆ ಆ ನಗುವೂ ಹಾಗೇ ಇತ್ತು. ಜಿಪುಣಕ್ಕ ಕಣ್ಣು ತಪ್ಪಿಸದೆ ಅದನ್ನು ನೋಡುತ್ತಾ ನಿಂತಳು.